ನಾಬ್, ಗುಂಡಿ, ಟಚ್, ಆ್ಯಪ್: ಗೃಹೋಪಕರಣ ಕೊಳ್ಳುವಾಗ ಯಾವ ಬಗೆಯ ನಿಯಂತ್ರಣವನ್ನು ಆರಿಸಬೇಕು?

ವಾಷಿಂಗ್ ಮಷೀನ್ ಕೊಳ್ಳಲು ಹೊರಟವರು ಅದು ಎಷ್ಟು ಕಿಲೋ ಬಟ್ಟೆ ಹಿಡಿಯುತ್ತದೆ, ಎಷ್ಟು ನೀರು ಬಳಸುತ್ತದೆ, ಮೋಟಾರಿಗೆ ಎಷ್ಟು ವರ್ಷದ ವಾರಂಟಿ ಇದೆ ಎಂದು ತಪ್ಪದೆ ವಿಚಾರಿಸುತ್ತಾರೆ. ಅದರ ಮುಂಭಾಗದ ಗುಂಡಿಗಳನ್ನು ಒತ್ತಿ ನೋಡುವವರು ವಿರಳ. ಒತ್ತಿ ನೋಡಿದರೂ ಹೆಚ್ಚೇನೂ ತಿಳಿಯುವುದಿಲ್ಲ, ಏಕೆಂದರೆ ಅಂಗಡಿಯಲ್ಲಿ ಸಾಲಾಗಿ ನಿಲ್ಲಿಸಿದ ಯಂತ್ರಗಳಿಗೆ ಅನೇಕ ಸಲ ವಿದ್ಯುತ್ ಸಂಪರ್ಕವೇ ಇರುವುದಿಲ್ಲ. ಮೋಟಾರಿನ ವಿಷಯವನ್ನೆಲ್ಲ ವಿಚಾರಿಸಿಕೊಂಡು ತಂದ ಯಂತ್ರವನ್ನು ಅರ್ಧದಲ್ಲಿ ನಿಲ್ಲಿಸುವುದು ಹೇಗೆಂದು ತಿಳಿಯದೆ ಅದರ ಮುಂದೆ ನಿಂತುಬಿಡುವ ಪರಿಸ್ಥಿತಿ ಹೀಗೆ ಬರುತ್ತದೆ.

ನಮ್ಮ ಮನೆಯಲ್ಲೇ ಅಂಥದೊಂದು ಯಂತ್ರವಿದೆ. ಅದರ ನಾಬ್ ಸುತ್ತ ಹದಿನಾರು ಕ್ರಮಗಳ ಹೆಸರುಗಳಿವೆ. ನಾಬ್ ಮೇಲಿನ ಗುರುತು ನಾಬ್‌ನಷ್ಟೇ ಬೂದು ಬಣ್ಣದ್ದಾಗಿರುವುದರಿಂದ ಅದು ಯಾವ ಹೆಸರಿನ ಎದುರಿಗೆ ನಿಂತಿದೆ ಎಂದು ಬಗ್ಗಿ ನೋಡಬೇಕು. ಚಾಲೂ ಮಾಡುವ ಗುಂಡಿಯನ್ನು ಒಮ್ಮೆ ಒತ್ತಿದರೆ ಬೀಪ್ ಎನ್ನುತ್ತದೆ, ಆದರೆ ಬಾಗಿಲು ಸರಿಯಾಗಿ ಮುಚ್ಚಿರದಿದ್ದರೂ ಅದೇ ಬೀಪ್, ಒಗೆದು ಮುಗಿದಾಗಲೂ ಅದೇ ಬೀಪ್. ಒಪ್ಪಿಗೆಗೆ, ನಿರಾಕರಣೆಗೆ, ಮುಕ್ತಾಯಕ್ಕೆ ಒಂದೇ ದನಿ. ಯಂತ್ರ ಬಟ್ಟೆಯನ್ನು ಚೆನ್ನಾಗಿಯೇ ಒಗೆಯುತ್ತದೆ. ಆದರೂ ನಾಲ್ಕು ವರ್ಷಗಳಲ್ಲಿ ಅದರೊಂದಿಗೆ ನಮಗಿರುವ ತಕರಾರುಗಳೆಲ್ಲ ಈ ಒಂದು ಫಲಕದ ಮೇಲೆಯೇ.

ಆದ್ದರಿಂದ ಇಲ್ಲಿ ಯಂತ್ರಗಳ ಸಾಮರ್ಥ್ಯವನ್ನು ಬಿಟ್ಟು, ಅವುಗಳೊಡನೆ ನಾವು ವ್ಯವಹರಿಸುವ ನಾಬ್, ಗುಂಡಿ, ಗಾಜಿನ ಟಚ್ ಫಲಕ, ರಿಮೋಟ್ ಮತ್ತು ಆ್ಯಪ್‌ಗಳನ್ನು ಮಾತ್ರ ಹೋಲಿಸಲಾಗಿದೆ. ಎಲ್ಲ ಉಪಕರಣಗಳಿಗೂ ಒಪ್ಪುವ ಒಂದೇ ಬಗೆಯ ನಿಯಂತ್ರಣವಿಲ್ಲ. ಒಲೆಗೆ ಒಪ್ಪಿದ್ದು ಫ್ರಿಜ್‌ಗೆ ಬೇಕಾಗದಿರಬಹುದು.

ದೀಪ ಏನನ್ನು ಹೇಳುತ್ತಿದೆ?

ನಿಯಂತ್ರಣ ಯಾವುದೇ ಇರಲಿ, ಮೊದಲು ಕೇಳಬೇಕಾದ ಪ್ರಶ್ನೆ ಒಂದಿದೆ: ಫಲಕದ ಮೇಲಿನ ದೀಪ ಅಥವಾ ಅಂಕಿ ನಾವು ಕೊಟ್ಟ ಆದೇಶವನ್ನು ತೋರಿಸುತ್ತದೆಯೋ, ಯಂತ್ರದಲ್ಲಿ ವಾಸ್ತವವಾಗಿ ನಡೆಯುತ್ತಿರುವುದನ್ನು ತೋರಿಸುತ್ತದೆಯೋ? ಕೇಳಲು ಇದು ಕೂದಲು ಸೀಳುವ ಮಾತಿನಂತಿದೆ. ಆದರೆ 1979ರ ಮಾರ್ಚ್ 28ರಂದು ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದ ಥ್ರೀ ಮೈಲ್ ಐಲ್ಯಾಂಡ್ ಪರಮಾಣು ವಿದ್ಯುತ್ ಸ್ಥಾವರದಲ್ಲಿ ನಡೆದ ಅಪಘಾತದ ಕಾರಣಗಳಲ್ಲಿ ಇದೂ ಒಂದು. ಒತ್ತಡ ತಗ್ಗಿಸುವ ಕವಾಟವೊಂದು ತೆರೆದ ಸ್ಥಿತಿಯಲ್ಲೇ ಸಿಕ್ಕಿಕೊಂಡಿತ್ತು. ನಿಯಂತ್ರಣ ಕೊಠಡಿಯ ದೀಪವಾದರೋ ಕವಾಟ ಮುಚ್ಚಿದೆಯೇ ಎಂಬುದನ್ನಲ್ಲ, ಮುಚ್ಚುವ ಸಂಕೇತ ಹೋಗಿದೆ ಎಂಬುದನ್ನಷ್ಟೇ ಸೂಚಿಸುತ್ತಿತ್ತು. ದೀಪವನ್ನು ನಂಬಿದ ಸಿಬ್ಬಂದಿ ಕವಾಟ ಮುಚ್ಚಿದೆಯೆಂದೇ ತಿಳಿದರು, ಎರಡು ಗಂಟೆಗೂ ಹೆಚ್ಚು ಕಾಲ ತಂಪುಕಾರಿ ನೀರು ಹೊರಹೋಗುತ್ತಲೇ ಇತ್ತು, ಪರಮಾಣು ಇಂಧನವಿದ್ದ ಸ್ಥಾವರದ ಗರ್ಭದ ಒಂದು ಭಾಗ ಕರಗಿತು.

ಮನೆಯಲ್ಲಿ ಇದೇ ತಪ್ಪಿನ ಪುಟ್ಟ ರೂಪ ಎಸಿಯ ರಿಮೋಟ್. ಅದರ ಪರದೆಯ ಮೇಲೆ 24 ಎಂದು ಕಾಣಿಸಿದರೆ ಕೋಣೆ 24 ಡಿಗ್ರಿ ಇದೆ ಎಂದಲ್ಲ, ಎಸಿಗೆ 24 ಎಂಬ ಆದೇಶ ತಲುಪಿದೆ ಎಂದೂ ಅಲ್ಲ. ರಿಮೋಟ್ ಆ ಆದೇಶವನ್ನು ಗಾಳಿಗೆ ಬಿಟ್ಟಿದೆ ಎಂದಷ್ಟೇ. ಬಹುತೇಕ ರಿಮೋಟ್‌ಗಳ ಅವಕೆಂಪು (ಇನ್‌ಫ್ರಾರೆಡ್) ಬೆಳಕಿನ ಸಂಕೇತ ಒಮ್ಮುಖವಾದದ್ದು, ಎಸಿಯಿಂದ ಮರುಮಾತು ಬರುವುದಿಲ್ಲ. ನಡುವೆ ಬಟ್ಟೆಯ ಪರದೆ ಅಡ್ಡ ಬಂದು ಸಂಕೇತ ತಪ್ಪಿದರೆ, ಎಸಿ ಆರಿಯೇ ಇದ್ದರೂ ರಿಮೋಟ್ ಅದು ಚಾಲೂ ಇದೆಯೆಂದು ಭಾವಿಸಿಕೊಂಡಿರುತ್ತದೆ. ನೀವು ಮತ್ತೆ ಒತ್ತಿದಾಗ ಹೋಗುವುದು ಆರಿಸುವ ಆದೇಶ. ಹೀಗೆ ಇನ್ನೂ ಎರಡು ಬಾರಿ ಒತ್ತಿದ ಮೇಲೆಯೇ ಎಸಿ ಎಚ್ಚರಗೊಳ್ಳುವುದಕ್ಕೆ ರಿಮೋಟ್‌ನ ಸೆಲ್ ಕಾರಣವೆಂದು ಹೊಸ ಸೆಲ್ ಹಾಕಿದವರು ಅನೇಕರಿದ್ದಾರೆ. ಎರಡು ಎಸಿಗಳ ನಡುವೆ ಆರಿಸುವಾಗ, ಗೋಡೆಯ ಮೇಲಿನ ಘಟಕದಲ್ಲೇ ಓದಬಲ್ಲ ಅಂಕಿಯಿರುವ, ಆದೇಶ ತಲುಪಿದಾಗ ಅಲ್ಲಿಂದಲೇ ದನಿ ಹೊರಡಿಸುವ, ರಿಮೋಟ್ ಕಳೆದರೂ ಚಾಲೂ ಮಾಡಲು ಮೈಮೇಲೆ ಒಂದು ಗುಂಡಿ ಇರುವ ಮಾದರಿ ಮೇಲು.

ನೀರು ಕಾಯಿಸುವ ಗೀಸರ್‌ನ ದೀಪವೂ ಗೊಂದಲಮಯವೇ. ಒಂದೇ ದೀಪವಿರುವ ಗೀಸರ್‌ನಲ್ಲಿ ದೀಪ ಆರಿತೆಂದರೆ ನೀರು ಕಾದಿದೆ ಎಂದೂ ಇರಬಹುದು, ವಿದ್ಯುತ್ ಬರುತ್ತಿಲ್ಲ ಎಂದೂ ಇರಬಹುದು. ವಿದ್ಯುತ್ ಸಂಪರ್ಕಕ್ಕೆ ಒಂದು, ಕಾಯಿಸುತ್ತಿರುವುದಕ್ಕೆ ಇನ್ನೊಂದು ಎಂದು ಎರಡು ದೀಪಗಳಿರುವುದನ್ನು ಕೊಳ್ಳಬೇಕು. ಒಳಗಿನ ನೀರಿನ ಉಷ್ಣತೆಯನ್ನು ಅಂಕಿಯಲ್ಲಿ ತೋರಿಸಿದರೆ ಇನ್ನೂ ಒಳ್ಳೆಯದು. ಕೆಲವು ಉಪಕರಣಗಳಲ್ಲಿ ಒಂದೇ ದೀಪ ಕೆಂಪಿನಿಂದ ಹಸಿರಿಗೆ ತಿರುಗುತ್ತದೆ. ಉತ್ತರ ಯುರೋಪ್ ಮೂಲದ ಪುರುಷರಲ್ಲಿ ಸುಮಾರು ಹನ್ನೆರಡರಲ್ಲಿ ಒಬ್ಬರಿಗೆ ಕೆಂಪು ಹಸಿರುಗಳ ಭೇದ ಸರಿಯಾಗಿ ಕಾಣುವುದಿಲ್ಲ. ಬೇರೆ ಕಡೆ ಪ್ರಮಾಣ ಕಡಿಮೆಯಿದ್ದರೂ ತೊಂದರೆ ಇದ್ದೇ ಇದೆ. ಬಣ್ಣ ಬದಲಾಗುವ ಒಂದು ದೀಪಕ್ಕಿಂತ ಬೇರೆ ಬೇರೆ ಜಾಗದಲ್ಲಿ ಹೊತ್ತಿಕೊಳ್ಳುವ ಎರಡು ದೀಪಗಳು ಎಲ್ಲರಿಗೂ ಅರ್ಥವಾಗುತ್ತವೆ.

ಒಲೆ: ನಾಬ್ ಮತ್ತು ಗಾಜಿನ ಫಲಕ

ತಪ್ಪಾದರೆ ಕೈ ಸುಡುವ ಉಪಕರಣ ಒಲೆ, ಆದ್ದರಿಂದ ಈ ಹೋಲಿಕೆಯಲ್ಲಿ ಹೆಚ್ಚು ಹೊತ್ತು ನಿಲ್ಲಬೇಕಾದದ್ದೂ ಇಲ್ಲಿಯೇ. ನಾಬ್‌ನ ದೊಡ್ಡ ಗುಣವೆಂದರೆ ಅದು ನಿಂತ ಭಂಗಿಯೇ ಒಲೆಯ ಸ್ಥಿತಿಯನ್ನು ಹೇಳುತ್ತದೆ. ದೂರದಿಂದ ನೋಡಿದರೂ ತಿಳಿಯುತ್ತದೆ, ಕಣ್ಣು ಬೇರೆಡೆ ಇದ್ದರೂ ಬೆರಳಿಗೆ ತಿಳಿಯುತ್ತದೆ, ಕೈ ಒದ್ದೆಯಾಗಿದ್ದರೂ ತಿರುಗುತ್ತದೆ. ಪಾತ್ರೆ ಉಕ್ಕುವಾಗ ಉರಿ ತಗ್ಗಿಸಲು ಅರ್ಧ ಕ್ಷಣ ಸಾಕು.

ಆದರೆ ನಾಬ್ ಇದ್ದ ಮಾತ್ರಕ್ಕೆ ಸಮಸ್ಯೆ ತೀರುವುದಿಲ್ಲ, ಯಾವ ನಾಬ್ ಯಾವ ಬರ್ನರ್‌ನದು ಎಂಬುದು ಉಳಿಯುತ್ತದೆ. ನಾಲ್ಕು ಬರ್ನರ್‌ಗಳು ಚೌಕಾಕಾರದಲ್ಲಿಯೂ ನಾಲ್ಕು ನಾಬ್‌ಗಳು ಒಂದೇ ಸಾಲಿನಲ್ಲಿಯೂ ಇದ್ದರೆ, ಎಡಗಡೆಯ ಮೊದಲ ನಾಬ್ ಹಿಂದಿನ ಬರ್ನರ್‌ನದೋ ಮುಂದಿನದೋ ಎಂಬುದನ್ನು ಊಹಿಸಲು ಯಾವ ಆಧಾರವೂ ಇರುವುದಿಲ್ಲ. ಈ ವಿಷಯವನ್ನು ಅಮೆರಿಕದ ಮನೋವಿಜ್ಞಾನಿ ಆಲ್ಫಾನ್ಸ್ ಚಾಪಾನಿಸ್ ಮತ್ತು ಅವರ ಸಹೋದ್ಯೋಗಿ ಲಿಂಡೆನ್‌ಬಾಮ್ 1959ರಲ್ಲಿಯೇ ನಾಲ್ಕು ಬಗೆಯ ಜೋಡಣೆಗಳನ್ನಿಟ್ಟು ಪರೀಕ್ಷಿಸಿದ್ದರು. ಹಿಂದಿನ ಬರ್ನರ್‌ಗಳನ್ನು ಮುಂದಿನವುಗಳಿಗಿಂತ ಸ್ವಲ್ಪ ಪಕ್ಕಕ್ಕೆ ಸರಿಸಿ, ಪ್ರತಿ ಬರ್ನರ್‌ನ ನೇರಕ್ಕೆ ಅದರದೇ ನಾಬ್ ಬರುವಂತೆ ಮಾಡಿದ ಜೋಡಣೆಯಲ್ಲಿ ಯಾರೂ ತಪ್ಪು ಮಾಡಲಿಲ್ಲ. ಉಳಿದ ಮೂರರಲ್ಲೂ ತಪ್ಪುಗಳಾದವು. ಅರುವತ್ತಕ್ಕೂ ಹೆಚ್ಚು ವರ್ಷಗಳಿಂದ ಉತ್ತರ ತಿಳಿದಿರುವ ಪ್ರಶ್ನೆಯಿದು. ಆದರೂ ಒಂದೇ ಸಾಲಿನ ನಾಬ್‌ಗಳ ಕೆಳಗೆ ನಾಲ್ಕು ಚುಕ್ಕೆಗಳ ಪುಟ್ಟ ಚಿತ್ರ ಅಚ್ಚುಹಾಕಿ ಕೈತೊಳೆದುಕೊಳ್ಳುವ ಒಲೆಗಳು ಇಂದಿಗೂ ಮಾರಾಟವಾಗುತ್ತಿವೆ, ಮತ್ತು ಆ ಚಿತ್ರವೇ ಒರೆಸಿ ಒರೆಸಿ ಮೊದಲು ಅಳಿಸಿಹೋಗುವ ಭಾಗ. ಒಲೆ ಕೊಳ್ಳುವಾಗ ಆ ಚಿತ್ರವನ್ನು ಅಂಗೈಯಿಂದ ಮುಚ್ಚಿ, ಬಲಗಡೆಯ ಹಿಂದಿನ ಬರ್ನರ್‌ನ ನಾಬ್ ಯಾವುದೆಂದು ನಿಮ್ಮನ್ನೇ ಕೇಳಿಕೊಳ್ಳಿ. ಉತ್ತರ ತಕ್ಷಣ ಹೊಳೆಯದಿದ್ದರೆ ಪಕ್ಕದ ಮಾದರಿಯನ್ನು ನೋಡುವುದು ಲೇಸು.

ಇನ್ನೊಂದು ಎಚ್ಚರಿಕೆ ತಿರುಗುವ ದಿಕ್ಕಿನದು. ಗ್ಯಾಸ್ ಒಲೆಯ ನಾಬ್ ಸಾಮಾನ್ಯವಾಗಿ ಗಡಿಯಾರದ ಮುಳ್ಳಿನ ವಿರುದ್ಧ ದಿಕ್ಕಿಗೆ ತಿರುಗುತ್ತದೆ, ಮೊದಲು ಸಿಗುವುದು ದೊಡ್ಡ ಉರಿ, ಕೊನೆಗೆ ಸಿಗುವುದು ಸಣ್ಣ ಉರಿ. ವಿದ್ಯುತ್ ಓವನ್‌ನ ನಾಬ್ ಸಾಮಾನ್ಯವಾಗಿ ಗಡಿಯಾರದ ದಿಕ್ಕಿಗೇ ತಿರುಗಿ ಕಡಿಮೆಯಿಂದ ಹೆಚ್ಚಿನತ್ತ ಹೋಗುತ್ತದೆ. ಒಂದೇ ಫಲಕದಲ್ಲಿ ಎರಡೂ ಬಗೆಯ ನಾಬ್‌ಗಳು ಒಂದೇ ಆಕಾರದಲ್ಲಿದ್ದರೆ ಕೈ ತಪ್ಪುವುದು ಸಹಜ. ಓವನ್‌ನ ನಾಬ್ ಗಾತ್ರದಲ್ಲಾದರೂ ಬೇರೆಯಾಗಿರಬೇಕು. ಮಕ್ಕಳಿರುವ ಮನೆಗೆ ಒತ್ತಿದ ಮೇಲೆಯೇ ತಿರುಗುವ ನಾಬ್ ಬೇಕೇ ಬೇಕು.

ಇನ್ನು ಗಾಜಿನ ಫಲಕ. ಇಂಡಕ್ಷನ್ ಒಲೆಗಳಲ್ಲಿ ಇದೇ ಹೆಚ್ಚು. ಬೆರಳು ಸಮೀಪಿಸಿದಾಗ ಗಾಜಿನ ಕೆಳಗಿನ ವಿದ್ಯುತ್ ಧಾರಕತೆಯಲ್ಲಿ, ಅಂದರೆ ವಿದ್ಯುದಾವೇಶವನ್ನು ಹಿಡಿದಿಡುವ ಗುಣದಲ್ಲಿ, ಆಗುವ ಅಲ್ಪ ಬದಲಾವಣೆಯನ್ನು ಇದು ಗುರುತಿಸುತ್ತದೆ. ಬೆರಳಿನಂತೆಯೇ ನೀರೂ ಆ ಬದಲಾವಣೆಯನ್ನು ಉಂಟುಮಾಡುವುದರಿಂದ ಚೆಲ್ಲಿದ ನೀರಿಗೂ ಬೆರಳಿಗೂ ಇದು ಭೇದವೆಣಿಸಲಾರದು. ಆಗ ನಡೆಯುವುದನ್ನು ಹತ್ತಿರದಿಂದ ನೋಡಿದವರಿಗೆ ಮರೆಯುವುದಿಲ್ಲ. ಪಾತ್ರೆಯ ನೀರು ಉಕ್ಕಿ ಗಾಜಿನ ಮೇಲೆ ಹರಿದು ಗುಂಡಿಗಳ ಜಾಗಕ್ಕೆ ಬರುತ್ತದೆ, ಒಲೆ ಕಿರುಚತೊಡಗುತ್ತದೆ, ತಗ್ಗಿಸಲು ಇಟ್ಟ ಬೆರಳಿಗೆ ಫಲಕ ಸ್ಪಂದಿಸುವುದಿಲ್ಲ, ಏಕೆಂದರೆ ಬೆರಳೂ ಒದ್ದೆ, ಗಾಜೂ ಒದ್ದೆ, ಒರೆಸೋಣವೆಂದು ಬಟ್ಟೆ ಇಟ್ಟರೆ ಒರೆಸುವ ಕೈಯೇ ಇನ್ಯಾವುದೋ ಗುಂಡಿಯನ್ನು ಒತ್ತಿದಂತಾಗಿ ಬೀಗದ ಚಿಹ್ನೆ ಬೆಳಗುತ್ತದೆ, ಆ ಬೀಗ ತೆಗೆಯಲು ಮೂರು ಸೆಕೆಂಡು ಬೆರಳು ಅಲ್ಲೇ ಇಟ್ಟಿರಬೇಕು, ಅದೂ ಒಣಗಿದ ಬೆರಳು. ಕೆಲವು ಒಲೆಗಳು ಇಂಥ ಹೊತ್ತಿನಲ್ಲಿ ತಾವಾಗಿಯೇ ಆರುತ್ತವೆ ಎಂಬುದು ಸುರಕ್ಷತೆಯ ದೃಷ್ಟಿಯಿಂದ ಒಳ್ಳೆಯದೇ, ಆದರೆ ಅಡುಗೆ ಮಾಡುತ್ತಿರುವವರ ಕೈಯಿಂದ ನಿಯಂತ್ರಣ ತಪ್ಪಿತು ಎಂಬುದೂ ಅಷ್ಟೇ ನಿಜ.

ಗಾಜಿನ ಫಲಕದ ಪರವಾಗಿ ಹೇಳಬೇಕಾದದ್ದೂ ಇದೆ. ಒಂದೇ ಸಲ ಒರೆಸಿದರೆ ಶುಭ್ರವಾಗುವ ಸಮತಟ್ಟಾದ ಮೈ, ಜಿಡ್ಡು ಕೂರುವ ಸಂದುಗಳಿಲ್ಲದಿರುವುದು ಸಣ್ಣ ಲಾಭವಲ್ಲ. ನಾಬ್ ಸುತ್ತಲಿನ ಜಿಡ್ಡನ್ನು ಉಜ್ಜಿ ತೆಗೆದವರು ಇದನ್ನು ಒಪ್ಪುತ್ತಾರೆ. ಆದರೆ ಕಣ್ಣು ಕಾಣದವರಿಗೆ ಸಮತಟ್ಟಾದ ಗಾಜು ಬರೀ ಗಾಜು, ಅಲ್ಲಿ ಗುಂಡಿ ಎಂಬುದೇ ಇಲ್ಲ. ಇಂಡಕ್ಷನ್ ಒಲೆಯೇ ಬೇಕೆನ್ನುವವರು ನಾಬ್ ಇರುವ ಇಂಡಕ್ಷನ್ ಒಲೆಯನ್ನು ಮೊದಲು ಹುಡುಕಬೇಕು. ಅದು ಸಿಗದಿದ್ದರೆ ಪ್ರತಿ ಬರ್ನರ್‌ಗೂ ಪ್ರತ್ಯೇಕ ಏರಿಳಿಕೆಯ ಗುರುತುಗಳಿರುವ ಫಲಕವನ್ನು ಆರಿಸಬೇಕು. ಮೊದಲು ಬರ್ನರ್ ಆರಿಸಿ, ಆಮೇಲೆ ಎಲ್ಲಕ್ಕೂ ಸೇರಿದ ಕೂಡುವ ಕಳೆಯುವ ಗುಂಡಿಗಳನ್ನು ಒತ್ತಬೇಕಾದ ಫಲಕ ಅಗ್ಗವಾಗಿ ಸಿಕ್ಕರೂ ಬೇಡ, ಏಕೆಂದರೆ ಉಕ್ಕುವ ಹೊತ್ತಿನಲ್ಲಿ ಎರಡು ಹೆಜ್ಜೆ ಎಂದರೆ ಒಂದು ಹೆಜ್ಜೆ ಹೆಚ್ಚಾಯಿತು.

ಸ್ಪರ್ಶ ಪರದೆಯಿಂದ ಹಿಂದಕ್ಕೆ ಸರಿದವರು ಮನೆಯವರಷ್ಟೇ ಅಲ್ಲ. 2017ರಲ್ಲಿ ಸಿಂಗಾಪುರದ ಬಳಿ ಅಮೆರಿಕದ ಯುದ್ಧನೌಕೆ ಜಾನ್ ಎಸ್. ಮೆಕೇನ್ ಒಂದು ತೈಲವಾಹಕ ಹಡಗಿಗೆ ಡಿಕ್ಕಿಯಾಗಿ ಹತ್ತು ನಾವಿಕರು ಸತ್ತರು. ಸ್ಪರ್ಶ ಪರದೆಯ ನಿಯಂತ್ರಣ ವ್ಯವಸ್ಥೆಯ ವಿನ್ಯಾಸ ತಪ್ಪಿಗೆ ಎಡೆಮಾಡಿಕೊಡುವಂತಿತ್ತು ಎಂದು ತನಿಖೆಯಲ್ಲಿ ಕಂಡುಬಂದ ಮೇಲೆ, ವೇಗ ನಿಯಂತ್ರಣಕ್ಕೆ ಕೈಯಿಂದ ಹಿಡಿಯುವ ಸನ್ನೆಕೋಲುಗಳನ್ನೇ ಮತ್ತೆ ಅಳವಡಿಸುವುದಾಗಿ ಆ ನೌಕಾಪಡೆ 2019ರಲ್ಲಿ ತಿಳಿಸಿತು.

ಮೈಕ್ರೋವೇವ್: ಎರಡು ನಾಬ್ ಸಾಕೇ?

ಮೈಕ್ರೋವೇವ್‌ಗಳಲ್ಲಿ ಒಂದು ತುದಿಗೆ ಎರಡೇ ನಾಬ್‌ಗಳ ಸರಳ ಮಾದರಿ, ಇನ್ನೊಂದು ತುದಿಗೆ ಮೂವತ್ತು ನಲವತ್ತು ಗುಂಡಿಗಳ ಮಾದರಿ. ಬಿಸಿ ಮಾಡಲಷ್ಟೇ ಬಳಸುವ ಮನೆಗೆ ಎರಡು ನಾಬ್‌ಗಳದ್ದೇ ಸರಿ ಎಂಬುದು ನನ್ನ ಖಚಿತ ಅಭಿಪ್ರಾಯ: ಒಂದು ಶಕ್ತಿಗೆ, ಒಂದು ಸಮಯಕ್ಕೆ. ವಿದ್ಯುತ್ ಹೋಗಿ ಬಂದರೂ ಗಡಿಯಾರ ಸರಿಪಡಿಸುವ ಕೆಲಸವಿಲ್ಲ, ಏಕೆಂದರೆ ಅದರಲ್ಲಿ ಗಡಿಯಾರವೇ ಇಲ್ಲ. ದೋಷವೆಂದರೆ ಸಣ್ಣ ಅವಧಿಗಳನ್ನು ಅದರಲ್ಲಿ ನಿಖರವಾಗಿ ಇಡಲಾಗದು; ಮೂವತ್ತು ಸೆಕೆಂಡು ಎಂದು ತಿರುಗಿಸಿದ್ದು ಇಪ್ಪತ್ತೂ ಆಗಬಹುದು, ನಲವತ್ತೂ ಆಗಬಹುದು.

ಗುಂಡಿಗಳ ಮಾದರಿಯನ್ನೇ ಕೊಳ್ಳುವುದಾದರೆ ಗುಂಡಿಗಳ ಸಂಖ್ಯೆಯನ್ನು ಗಮನಿಸುವ ಬದಲು ಮೂರು ಸಂಗತಿಗಳನ್ನು ಗಮನಿಸಬೇಕು. ಒಂದೇ ಒತ್ತಿಗೆ ಮೂವತ್ತು ಸೆಕೆಂಡು ಚಾಲೂ ಆಗಿ, ಮತ್ತೆ ಒತ್ತಿದಂತೆ ಅವಧಿ ಬೆಳೆಯುವ ಗುಂಡಿ ಇದೆಯೇ? ನಡೆಯುತ್ತಿರುವಾಗಲೇ ಸಮಯ ಹೆಚ್ಚಿಸಬಹುದೇ, ಅಥವಾ ನಿಲ್ಲಿಸಿ ಮೊದಲಿನಿಂದ ಹೇಳಬೇಕೇ? ಶಕ್ತಿಯ ಮಟ್ಟ ಬದಲಿಸಲು ಒಂದೇ ಗುಂಡಿಯನ್ನು ಎಷ್ಟು ಬಾರಿ ಒತ್ತಬೇಕು? ಮೂರನೆಯದು ಮುಖ್ಯ, ಏಕೆಂದರೆ ಅದು ತೊಡಕಾಗಿದ್ದರೆ ಜನ ಶಕ್ತಿಯನ್ನು ಮುಟ್ಟುವುದೇ ಇಲ್ಲ, ಎಲ್ಲವನ್ನೂ ಪೂರ್ಣ ಶಕ್ತಿಯಲ್ಲಿ ಬಿಸಿಮಾಡಿ ಅಂಚು ಸುಟ್ಟಿತು, ನಡು ತಣ್ಣಗಿದೆ ಎಂದು ಯಂತ್ರವನ್ನು ದೂರುತ್ತಾರೆ. ಅಂದಹಾಗೆ, ಸಾಮಾನ್ಯ ಮೈಕ್ರೋವೇವ್‌ನಲ್ಲಿ ಅರ್ಧ ಶಕ್ತಿ ಎಂದರೆ ಅಲೆಗಳು ಮಂದವಾಗುತ್ತವೆ ಎಂದಲ್ಲ. ಕೆಲವು ಸೆಕೆಂಡು ಪೂರ್ಣ ಶಕ್ತಿಯಲ್ಲಿ ಉರಿದು ಅಷ್ಟೇ ಹೊತ್ತು ಸುಮ್ಮನಿರುತ್ತದೆ. ಒಳಗಿನ ಗುಂಯ್‌ಗುಡುವ ಸದ್ದು ಏರಿ ಇಳಿಯುವುದನ್ನು ಕೇಳಿ ಕೆಟ್ಟಿದೆಯೆಂದು ಗಾಬರಿಯಾಗಬೇಕಿಲ್ಲ. ಶಕ್ತಿಯನ್ನು ಏರಿಳಿಸಬಲ್ಲ ಇನ್ವರ್ಟರ್ ಎಂಬ ವಿದ್ಯುತ್ ಮಂಡಲ ಒಳಗೇ ಇರುವ ಮಾದರಿಗಳು ಮಾತ್ರ ಶಕ್ತಿಯನ್ನು ನಿಜವಾಗಿ ತಗ್ಗಿಸಿ ಸತತವಾಗಿ ನಡೆಯುತ್ತವೆ. ಈ ವ್ಯತ್ಯಾಸವೇನೆಂದು ಫಲಕ ಸಾಮಾನ್ಯವಾಗಿ ವಿವರಿಸುವುದಿಲ್ಲ.

ತೆಳು ಪ್ಲಾಸ್ಟಿಕ್ ಹಾಳೆಯ ಕೆಳಗಿನ ಗುಂಡಿಗಳಿದ್ದರೆ, ಒತ್ತಿದಾಗ ಟಿಕ್ ಎಂದು ಬೆರಳಿಗೆ ಅರಿವಾಗುವಂಥವನ್ನೇ ಆರಿಸಿ. ಹೆಚ್ಚು ಬಳಸುವ ಗುಂಡಿಯ ಮೇಲಿನ ಹಾಳೆಯೇ ಉಗುರು ತಾಗಿ ಮೊದಲು ಬಿರಿಯುತ್ತದೆ. ಅದು ಮಧ್ಯದಲ್ಲಿ ಇಕ್ಕಟ್ಟಾಗಿದ್ದರೆ ಪಕ್ಕದವೂ ಅದರೊಂದಿಗೆ ಹೋಗುತ್ತವೆ.

ವಾಷಿಂಗ್ ಮಷೀನ್ ಮತ್ತು ಫ್ರಿಜ್

ವಾಷಿಂಗ್ ಮಷೀನ್‌ಗಳಲ್ಲಿ ನಾಬ್ ಕಂಡೊಡನೆ ನೆಮ್ಮದಿಪಡುವಂತಿಲ್ಲ. ಹಳೆಯ ಯಂತ್ರಗಳ ನಾಬ್ ಕೆಲಸ ಮುಂದುವರಿದಂತೆ ತಾನೂ ತಿರುಗುತ್ತಿತ್ತು, ಎಷ್ಟು ಉಳಿದಿದೆ ಎಂದು ಅದನ್ನು ನೋಡಿಯೇ ಹೇಳಬಹುದಿತ್ತು. ಈಗಿನ ಬಹಳಷ್ಟು ಯಂತ್ರಗಳದ್ದು ತಡೆಯಿಲ್ಲದೆ ಸುತ್ತುವ ನಾಬ್; ನಿಜವಾದ ಆಯ್ಕೆಯನ್ನು ಪಕ್ಕದ ದೀಪ ಹೇಳುತ್ತದೆ. ಒಗೆಯುವ ನಡುವೆ ಮಗು ಅದನ್ನು ತಿರುಗಿಸಿದರೆ ಕೆಲವು ಯಂತ್ರಗಳು ನಾಬ್‌ನ ಹೊಸ ಸ್ಥಾನವನ್ನು ಲೆಕ್ಕಿಸುವುದಿಲ್ಲ, ಗುರುತು ಒಂದನ್ನು ಹೇಳುತ್ತದೆ, ಡ್ರಮ್ಮಿನೊಳಗೆ ನಡೆಯುವುದು ಇನ್ನೊಂದು. ಉಳಿದಿರುವ ನಿಮಿಷಗಳನ್ನು ಅಂಕಿಯಲ್ಲಿ ತೋರಿಸುವ, ಆಯ್ದ ಕ್ರಮದ ಹೆಸರಿನ ಪಕ್ಕದಲ್ಲೇ ದೀಪವಿರುವ ಯಂತ್ರ ಈ ದೃಷ್ಟಿಯಿಂದ ಉತ್ತಮ. ತಡವಾಗಿ ಆರಂಭಿಸುವ ಸೌಲಭ್ಯ ನಿಮಗೆ ಮುಖ್ಯವಾದರೆ, 3 ಎಂದು ಇಟ್ಟಾಗ ಮೂರು ಗಂಟೆಯ ನಂತರ ಆರಂಭವಾಗುತ್ತದೆಯೋ, ಮೂರು ಗಂಟೆಯೊಳಗೆ ಮುಗಿಯುತ್ತದೆಯೋ ಎಂದು ಕೈಪಿಡಿಯಲ್ಲಿ ನೋಡಿಕೊಳ್ಳಿ. ಎರಡೂ ಬಗೆಯವು ಮಾರುಕಟ್ಟೆಯಲ್ಲಿವೆ.

ಬೀಪ್ ದನಿಯನ್ನೂ ಕೇಳಿಸಿಕೊಳ್ಳಬೇಕು. ವಯಸ್ಸಾದಂತೆ ಮೊದಲು ಕುಂದುವುದು ಎತ್ತರದ ಸ್ಥಾಯಿಯ ಶ್ರವಣಶಕ್ತಿ, ಉಪಕರಣಗಳ ಅಗ್ಗದ ಬೀಪ್‌ಗಳು ಸಾಮಾನ್ಯವಾಗಿ ಆ ಸ್ಥಾಯಿಯವೇ. ಯುವಕರಿಗೆ ಕರ್ಕಶವೆನಿಸುವ ದನಿ ಮನೆಯ ಹಿರಿಯರಿಗೆ ಕೇಳಿಸದೆ ಹೋಗಬಹುದು.

ಫ್ರಿಜ್ ಅನ್ನು ನಾವು ದಿನಾ ನಿಯಂತ್ರಿಸುವುದಿಲ್ಲವಾದ್ದರಿಂದ ಅದರ ನಾಬ್ ಎಲ್ಲಿದೆ, ಹೇಗಿದೆ ಎಂಬುದು ಅಷ್ಟು ಮುಖ್ಯವಲ್ಲ. ಒಂದು ಮಾತು ಮಾತ್ರ: 1ರಿಂದ 5ರವರೆಗೆ ಅಂಕಿಗಳಿರುವ ನಾಬ್‌ನಲ್ಲಿ ದೊಡ್ಡ ಅಂಕಿ ಎಂದರೆ ಸಾಮಾನ್ಯವಾಗಿ ಹೆಚ್ಚು ತಂಪು, ಅದು ಡಿಗ್ರಿಯಲ್ಲ. ಫ್ರಿಜ್‌ನ ಒಳಗೆ 4 ಡಿಗ್ರಿ ಸೆಲ್ಸಿಯಸ್, ಫ್ರೀಜರ್‌ನಲ್ಲಿ ಮೈನಸ್ 18 ಡಿಗ್ರಿ ಇರಬೇಕೆಂಬುದು ರೂಢಿಯ ಸಲಹೆ. ಡಿಗ್ರಿಯನ್ನೇ ತೋರಿಸುವ ಮಾದರಿ ಸಿಕ್ಕರೆ ಅದನ್ನು ಕೊಳ್ಳಿ. ಎರಡು ನಾಬ್‌ಗಳಿರುವ ಹಲವು ಫ್ರಿಜ್‌ಗಳಲ್ಲಿ ಒಂದು ಮೇಲಿನ ಭಾಗಕ್ಕೆ, ಇನ್ನೊಂದು ಕೆಳಗಿನ ಭಾಗಕ್ಕೆ ಎಂದು ಬರೆದಿದ್ದರೂ ಒಳಗಿರುವುದು ಒಂದೇ ತಂಪು ಮಾಡುವ ವ್ಯವಸ್ಥೆ. ಒಂದು ನಾಬ್ ಅದನ್ನು ನಡೆಸುತ್ತದೆ, ಇನ್ನೊಂದು ತಣ್ಣನೆಯ ಗಾಳಿಯನ್ನು ಎರಡು ಭಾಗಗಳ ನಡುವೆ ಹಂಚುತ್ತದೆ. ಒಂದನ್ನು ತಿರುಗಿಸಿದರೆ ಎರಡೂ ಕಡೆ ಬದಲಾಗುತ್ತದೆ, ಬದಲಾದದ್ದು ತಿಳಿಯಲು ಒಂದು ದಿನ ಬೇಕು. ಇದನ್ನು ವಿನ್ಯಾಸ ತಜ್ಞ ಡೊನಾಲ್ಡ್ ನಾರ್ಮನ್ ದಶಕಗಳ ಹಿಂದೆಯೇ ಎತ್ತಿ ತೋರಿಸಿದ್ದರು.

ಆ್ಯಪ್ ಎಷ್ಟರ ಮಟ್ಟಿಗೆ?

ಆ್ಯಪ್ ಇದ್ದರೆ ತಪ್ಪೇನಿಲ್ಲ. ಆ್ಯಪ್ ಮಾತ್ರ ಇದ್ದರೆ ತಪ್ಪು. ಬಟ್ಟೆ ಒಗೆದು ಮುಗಿಯಿತೆಂದು ಫೋನಿಗೆ ಸೂಚನೆ ಬರುವುದು ಅನುಕೂಲವೇ. ಆದರೆ ಉಪಕರಣ ಹದಿನೈದು ವರ್ಷ ಬಾಳಬಹುದು, ಆ್ಯಪ್ ಅಷ್ಟು ಬಾಳುತ್ತದೆಂಬ ಭರವಸೆ ಯಾರೂ ಕೊಡುವುದಿಲ್ಲ. ರಿವಾಲ್ವ್ ಎಂಬ, ಮನೆಯ ಉಪಕರಣಗಳನ್ನು ಒಂದೆಡೆಯಿಂದ ನಡೆಸುವ ಸಾಧನದ ತಯಾರಕರನ್ನು ನೆಸ್ಟ್ ಎಂಬ ಕಂಪನಿ ಕೊಂಡ ಮೇಲೆ, 2016ರ ಮೇ 15ರಂದು ಆ ಸಾಧನವನ್ನು ನಡೆಸುತ್ತಿದ್ದ ಅಂತರಜಾಲ ಸೇವೆಯನ್ನೇ ನಿಲ್ಲಿಸಲಾಯಿತು. ಯಂತ್ರಾಂಶದಲ್ಲಿ ಕೊರತೆಯಿಲ್ಲದ ಸಾಧನಗಳು ಅಂದಿಗೆ ನಿಷ್ಪ್ರಯೋಜಕವಾದವು. ಬ್ರಿಟನ್‌ನಲ್ಲಿ 2024ರ ಏಪ್ರಿಲ್ 29ರಿಂದ ಜಾರಿಗೆ ಬಂದ ಕಾನೂನಿನಂತೆ, ಅಂತರಜಾಲಕ್ಕೆ ಜೋಡಿಸುವ ಗೃಹಬಳಕೆಯ ಸಾಧನಕ್ಕೆ ಕನಿಷ್ಠ ಎಷ್ಟು ಕಾಲ ಸುರಕ್ಷತಾ ಅಪ್‌ಡೇಟ್ ಕೊಡಲಾಗುವುದೆಂದು ತಯಾರಕರು ತಿಳಿಸಲೇಬೇಕು. ಅಂಥ ಕಾನೂನು ಇಲ್ಲದ ಕಡೆಯೂ ಆ ಪ್ರಶ್ನೆಯನ್ನು ಕೇಳಲು ಅಡ್ಡಿಯಿಲ್ಲ. ಅದರೊಂದಿಗೆ ಇನ್ನೊಂದನ್ನು ಕೇಳಿ: ಫೋನು, ವೈಫೈ ಎರಡೂ ಇಲ್ಲದಿದ್ದಾಗ ಈ ಯಂತ್ರದಲ್ಲಿ ಯಾವ ಯಾವ ಕೆಲಸ ನಡೆಯುವುದಿಲ್ಲ? ಮಾರುವವರು ತಡವರಿಸಿದರೆ ಬೇರೆ ಮಾದರಿಯತ್ತ ಹೋಗಬಹುದು.

ಅಂಗಡಿಯಲ್ಲಿ

ಪ್ಲಗ್ ಹಾಕಿಸಿ. ಸಂಕೋಚ ಬೇಡ. ಯಾರೂ ಹೇಳಿಕೊಡದೆ ಯಂತ್ರವನ್ನು ಚಾಲೂ ಮಾಡಿ, ನಡುವೆ ನಿಲ್ಲಿಸಿ, ಸಮಯ ಬದಲಿಸಿ ನೋಡಿ. ಒತ್ತಿದ ಗುಂಡಿ ತಕ್ಷಣ ಸ್ಪಂದಿಸಬೇಕು. ಸೆಕೆಂಡಿನ ಹತ್ತನೇ ಒಂದು ಭಾಗದೊಳಗೆ ಬಂದ ಪ್ರತಿಕ್ರಿಯೆಯಷ್ಟೇ ತಕ್ಷಣದ್ದೆಂದು ನಮಗನಿಸುತ್ತದೆ, ಅದಕ್ಕಿಂತ ತಡವಾದರೆ ಮತ್ತೊಮ್ಮೆ ಒತ್ತುತ್ತೇವೆ, ಎರಡನೆಯ ಒತ್ತು ಮೊದಲಿನದನ್ನು ರದ್ದುಮಾಡುತ್ತದೆ. ಕಪ್ಪು ಗಾಜಿನ ಮೇಲೆ ಬೂದು ಅಕ್ಷರವಿದ್ದರೆ ಒಂದು ಮಾರು ದೂರದಿಂದ ಓದಲು ಪ್ರಯತ್ನಿಸಿ, ಮತ್ತು ಅಂಗಡಿಯ ದೀಪಗಳು ನಿಮ್ಮ ಅಡುಗೆಮನೆಯ ದೀಪಕ್ಕಿಂತ ಪ್ರಖರವಾಗಿವೆ ಎಂಬುದನ್ನು ನೆನಪಿಡಿ. ಕಡಿದ ವೃತ್ತದೊಳಗೆ ಗೆರೆಯಿರುವ ಚಿಹ್ನೆ ಸಾಮಾನ್ಯವಾಗಿ ಯಂತ್ರ ನಿದ್ರಿಸುತ್ತದೆ ಎಂಬುದನ್ನು ಹೇಳುತ್ತದೆಯೇ ಹೊರತು ವಿದ್ಯುತ್ ಪೂರ್ತಿ ಕಡಿದಿದೆ ಎಂದಲ್ಲ. ಗೆರೆ ಮತ್ತು ಸೊನ್ನೆ ಇರುವ ಸ್ವಿಚ್ ಬೇರೆಯೇ ಇದ್ದರೆ ಒಳ್ಳೆಯದು. ಸಾಧ್ಯವಾದರೆ ಯಂತ್ರವನ್ನು ಹೆಚ್ಚು ಬಳಸುವವರನ್ನೇ ಜೊತೆಗೆ ಕರೆದೊಯ್ಯಿರಿ. ಹಣ ಕೊಡುವವರೂ ಬಳಸುವವರೂ ಎಷ್ಟೋ ಮನೆಗಳಲ್ಲಿ ಬೇರೆ ಬೇರೆ.

ಈಗಾಗಲೇ ಕೊಂಡದ್ದನ್ನು ಬದಲಿಸಲಾಗದಿದ್ದರೆ, ನಮ್ಮ ತಾಯಿ ಮಾಡಿದ್ದನ್ನು ಮಾಡಬಹುದು. ಹದಿನಾರು ಕ್ರಮಗಳ ಪೈಕಿ ತಮಗೆ ಬೇಕಾದ ಎರಡರ ಪಕ್ಕದಲ್ಲಿ, ಬೂದು ನಾಬ್‌ನ ಗುರುತಿನ ಮೇಲೆ, ಚಾಲೂ ಮಾಡುವ ಗುಂಡಿಯ ಬದಿಯಲ್ಲಿ ಅವರು ಕೆಂಪು ನೇಲ್ ಪಾಲಿಶ್‌ನ ಉಬ್ಬು ಚುಕ್ಕೆಗಳನ್ನಿಟ್ಟರು. ಒಣಗಿದ ಮೇಲೆ ಅವು ಬೆರಳಿಗೂ ಸಿಗುತ್ತವೆ, ಕನ್ನಡಕವಿಲ್ಲದ ಕಣ್ಣಿಗೂ ಕಾಣುತ್ತವೆ. ಗಾಜಿನ ಫಲಕಕ್ಕೆ ಇದನ್ನು ಮಾಡುವವರು ಚುಕ್ಕೆಯನ್ನು ಸ್ಪರ್ಶದ ಜಾಗದ ಮೇಲೆ ಇಡದೆ ಅದರ ಅಂಚಿನ ಹೊರಗೆ ಇಡಬೇಕು, ಇಲ್ಲವಾದರೆ ಗುಂಡಿ ಹುಡುಕಲು ಸವರಿದ ಬೆರಳೇ ಅದನ್ನು ಒತ್ತಿಬಿಡುತ್ತದೆ.